‘ಮೋರ್ಡ್’ ಸರಿ, ‘ವೋರ್ಡ್’ ಕೂಡ ಸರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ, ಐರ್ಲೆಂಡಿಗೆ ಹೋಗಿ ನೆಲೆಸುವ ಕನ್ನಡ ಕುಟುಂಬಗಳಿಗಾಗಿ ಒಂದು ಬರಹ ಬಂದಿತ್ತು. ಮನೆ ಬಾಡಿಗೆ, ಚಳಿಗೆ ಬೇಕಾದ ಬಟ್ಟೆ, ಮಕ್ಕಳ ಶಾಲೆ ಎಲ್ಲದರ ಬಗ್ಗೆಯೂ ಚೆನ್ನಾಗಿಯೇ ಬರೆದಿದ್ದರು. ಶಾಲೆಯಲ್ಲಿ ಕಲಿಸುವ ಐರಿಷ್ ಭಾಷೆಯ ವಿಷಯಕ್ಕೆ ಬಂದಾಗ ಮಾತ್ರ ಎರಡೇ ಸಾಲು. ಐರಿಷ್‌ನಲ್ಲಿ ನಮ್ಮ ಹಾಗೆ ವಿಭಕ್ತಿಯ ಕಾಟವಿಲ್ಲ, ಇಂಗ್ಲಿಷ್ ಥರ ನಾಮಪದಕ್ಕೆ ಮೊದಲು ಒಂದು ಚಿಕ್ಕ ಪದ ಇಟ್ಟರೆ ಆಯಿತು, ಮಕ್ಕಳ ಹೋಂವರ್ಕನ್ನು ಅಪ್ಪ ಅಮ್ಮ ಫೋನಿನ ಆಪ್ ನೋಡಿಕೊಂಡೇ ತಿದ್ದಬಹುದು ಎನ್ನುವ ಅರ್ಥದ ಮಾತು. ಎರಡು ಸಾಲಿಗೆ ಇಷ್ಟುದ್ದದ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಉದಾಹರಣೆಗಳಿಗೆ ಮಾತ್ರ ಹಾಕಬೇಡಿ.

ನಾನು ಸಾಗರದ ಕಡೆಯವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಗಳು ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್, ಸದ್ಯ ನಾನೂ ಅಲ್ಲೇ ಇದ್ದೇನೆ. ಅವಳಿಗೆ ರಾತ್ರಿ ಡ್ಯೂಟಿ ಇದ್ದಾಗ ಮೊಮ್ಮಗನ ಹೋಂವರ್ಕ್ ನನ್ನ ಪಾಲು. ಗಣಿತ ಅವನೇ ಮಾಡಿಕೊಳ್ಳುತ್ತಾನೆ, ಇಂಗ್ಲಿಷ್‌ಗೆ ನನ್ನ ಸಹಾಯ ಬೇಡ. ಐರಿಷ್ ಬಂದರೆ ಮಾತ್ರ ಪುಸ್ತಕ ಹಿಡಿದುಕೊಂಡು ‘ಅಜ್ಜೀ’ ಅಂತ ಬರುತ್ತಾನೆ. ಅಜ್ಜಿಗೂ ವ್ಯಾಕರಣ ಅಂದರೆ ಊಟಕ್ಕಿಂತ ಜಾಸ್ತಿ. ಹೀಗೆ ಶುರುವಾದದ್ದು.

ಮೊದಲನೆಯದಾಗಿ, ಇಂಗ್ಲಿಷ್ ಥರ ಅಲ್ಲವೇ ಅಲ್ಲ. ಇಂಗ್ಲಿಷ್‌ನಲ್ಲಿ ‘ಟೇಬಲ್’ಗೆ ಮೊದಲು ‘ಆನ್’ ಬರಲಿ, ‘ಅಂಡರ್’ ಬರಲಿ, ಟೇಬಲ್ ಟೇಬಲ್ಲೇ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತದೆ: ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿ. ಐರಿಷ್‌ನಲ್ಲಿ ಆ ಚಿಕ್ಕ ಪದ, ಅಂದರೆ ಪ್ರಿಪೊಸಿಷನ್, ಮೊದಲು ಬರುತ್ತದೆ ನಿಜ, ಆದರೆ ಅದು ಸುಮ್ನೆ ಕೂರುವುದಿಲ್ಲ. ತನ್ನ ಪಕ್ಕದ ನಾಮಪದದ ತಲೆಯನ್ನೇ ಬದಲಿಸುತ್ತದೆ, ಅಂದರೆ ಮೊದಲ ವ್ಯಂಜನವನ್ನು. ಈ ಬದಲಾವಣೆಯಲ್ಲಿ ಎರಡು ಬಗೆ. ಒಂದಕ್ಕೆ ‘ಉರೂ’ ಅನ್ನುತ್ತಾರೆ, ಇನ್ನೊಂದಕ್ಕೆ ‘ಶೇವ್ಯೂ’. ಯಾವ ಪ್ರಿಪೊಸಿಷನ್ ಯಾವುದನ್ನು ಕೇಳುತ್ತದೆ ಎನ್ನುವುದೇ ಇಡೀ ಪಾಠ. ಅದೂ ಊರಿಂದೂರಿಗೆ ಬೇರೆ. ಆಪ್‌ಗೆ ಗೊತ್ತಾಗದಿರುವುದು ಈ ಕೊನೆಯ ಸಂಗತಿ.

ಉರೂ ಕನ್ನಡದವರಿಗೆ ಬಹಳ ಸುಲಭ. ಐರಿಷ್ ಮಕ್ಕಳು ಗೋಡೆಗೆ ಪಟ್ಟಿ ಅಂಟಿಸಿಕೊಂಡು ಬಾಯಿಪಾಠ ಮಾಡುವುದನ್ನು ನಮ್ಮ ವರ್ಣಮಾಲೆ ಮೊದಲೇ ಜೋಡಿಸಿ ಇಟ್ಟಿದೆ. ಕ ಖ ಗ ಘ ಙ ಎಂಬ ಸಾಲನ್ನು ನೆನಪು ಮಾಡಿಕೊಳ್ಳಿ. ಉರೂ ಆದರೆ ವರ್ಗದ ಒಂದನೇ ಅಕ್ಷರ ಮೂರನೆಯದಾಗುತ್ತದೆ, ಮೂರನೆಯದು ಐದನೆಯದಾಗುತ್ತದೆ. ಕ ಇದ್ದದ್ದು ಗ, ಗ ಇದ್ದದ್ದು ಙ. ತ ಇದ್ದದ್ದು ದ, ದ ಇದ್ದದ್ದು ನ. ಪ ಇದ್ದದ್ದು ಬ, ಬ ಇದ್ದದ್ದು ಮ. ಜೊತೆಗೆ ಫ್ ಎಂಬುದು ವ್ ಆಗುತ್ತದೆ, ಅಷ್ಟೇ. ‘ಮನೆಯಲ್ಲಿ’ ಅನ್ನುವಾಗಿನ ‘ಅಲ್ಲಿ’ ಎಂಬ ಅರ್ಥದ ಪ್ರಿಪೊಸಿಷನ್ ‘ಇ’. ಇದು ಯಾವಾಗಲೂ ಉರೂ ಕೇಳುತ್ತದೆ. ಊರುಗಳ ಹೆಸರಿನಲ್ಲೇ ನೋಡಿ. ಕಾರ್ಕ್ ನಗರದ ಐರಿಷ್ ಹೆಸರು ಕೊರ್ಕಿ. ಕಾರ್ಕ್‌ನಲ್ಲಿ ಅನ್ನಲು ‘ಇ ಗೊರ್ಕಿ’. ಟ್ರಲೀ ಎಂಬ ಊರು ತ್ರಾ ಲೀ. ಅಲ್ಲಿ ಅಂದರೆ ‘ಇ ದ್ರಾ ಲೀ’. ವಾಟರ್‌ಫರ್ಡ್ ಅಂದರೆ ಪೊರ್ಟ್ ಲಾರ್ಗ, ಅದು ‘ಇ ಬೊರ್ಟ್ ಲಾರ್ಗ’. ಡಬ್ಲಿನ್ ಅಂದರೆ ಬಲ್ಯ ಆಹಾ ಕ್ಲಿಯಾ, ಅದು ‘ಇ ಮಲ್ಯ ಆಹಾ ಕ್ಲಿಯಾ’. ಡೊನೆಗಾಲ್ ಅಂದರೆ ದೂನ್ ನ ಙಾಲ್, ಅದು ‘ಇ ನೂನ್ ನ ಙಾಲ್’. ಗಾಲ್ವೇ ಅಂದರೆ ಗಾಲಿವ್, ಅದು ‘ಇ ಙಾಲಿವ್’.

ಈ ಕೊನೆಯದು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಙ ಕಲಿಸುವಾಗೆಲ್ಲ ಯಾವುದಾದರೊಂದು ಮಗು ಕೇಳುತ್ತದೆ, ‘ಮೇಡಂ, ಇದರಿಂದ ಶುರುವಾಗುವ ಪದ ಯಾವುದು?’ ಅಂತ. ಕನ್ನಡದಲ್ಲಿ ಇಲ್ಲ. ಇಲ್ಲಿ ನೋಡಿದರೆ ಅದು ನಾನಿರುವ ಊರಿನ ಹೆಸರಿನ ಮೊದಲ ಅಕ್ಷರವಾಗಿ ನಿಂತಿದೆ. ಮೊಮ್ಮಗನಿಗೆ ಙ ಬರೆದು ತೋರಿಸಿದೆ. ತನ್ನ ಐರಿಷ್ ಕಾಪಿ ಪುಸ್ತಕದ ಅಂಚಿನಲ್ಲಿ ಅದನ್ನು ಬರೆದುಕೊಂಡಿದ್ದಾನೆ, ಉರೂ ನೆನಪಿಗೆ.

ಬರವಣಿಗೆಯ ಒಂದು ಜಾಣತನವನ್ನೂ ಹೇಳಬೇಕು. ಉರೂ ಆದಾಗ ಹಳೆಯ ಅಕ್ಷರವನ್ನು ಅಳಿಸುವುದಿಲ್ಲ. ಹೊಸ ಅಕ್ಷರವನ್ನು ಅದಕ್ಕೆ ಮೊದಲು ಕೂರಿಸುತ್ತಾರೆ. ಕೊರ್ಕಿ ಬರೆಯುವ ದೊಡ್ಡ ‘ಸಿ’ ಹಾಗೇ ಇರುತ್ತದೆ, ಅದರ ಮೊದಲು ಚಿಕ್ಕ ‘ಜಿ’ ಬರುತ್ತದೆ. ಓದುವುದು ‘ಜಿ’ಯನ್ನು ಮಾತ್ರ. ಪದದ ನಡುವೆ ದೊಡ್ಡಕ್ಷರ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಮೂಲ ಹೆಸರು ಏನಿತ್ತು, ಈಗ ಏನಾಗಿದೆ, ಎರಡೂ ಒಂದೇ ಕಡೆ ಕಾಣುತ್ತವೆ. ನಮ್ಮ ‘ಮಳೆಗಾಲ’ದಲ್ಲಿ ಕಾಲದ ಕ ಎಲ್ಲಿ ಹೋಯಿತು ಎಂದು ಮಗುವಿಗೆ ಬಿಡಿಸಿ ಹೇಳಬೇಕು. ಇಲ್ಲಿ ಆ ಕೆಲಸವೇ ಇಲ್ಲ.

ಮಳೆಗಾಲದ ಮಾತು ಸುಮ್ನೆ ತಂದದ್ದಲ್ಲ. ನಮ್ಮ ಆದೇಶ ಸಂಧಿಯಲ್ಲಿ ಕ, ತ, ಪ ಹೋಗಿ ಗ, ದ, ಬ ಬರುತ್ತವೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಕಣ್ ಮತ್ತು ಪನಿ ಸೇರಿದಾಗ ಅನುನಾಸಿಕದ ಪಕ್ಕ ನಿಂತ ಪ ಹೋಗಿ ಬ ಆಯಿತು. ಐರಿಷ್‌ನಲ್ಲಿ ಆದದ್ದೂ ಇದೇ. ‘ಇ’ ಎಂಬ ಪ್ರಿಪೊಸಿಷನ್‌ಗೆ ಹಿಂದೆ ಕೊನೆಯಲ್ಲಿ ಒಂದು ‘ನ್’ ಇತ್ತು. ಅದು ಪಕ್ಕದ ಅಕ್ಷರವನ್ನು ಬದಲಿಸಿತು, ಆಮೇಲೆ ತಾನು ಮರೆಯಾಯಿತು. ಬದಲಾವಣೆ ಉಳಿಯಿತು. ಐರಿಷ್‌ಗೂ ಕನ್ನಡಕ್ಕೂ ನಂಟಿದೆ ಎಂದು ಯಾರೂ ಓಡಬೇಡಿ, ನಂಟೇನೂ ಇಲ್ಲ. ಬಾಯಿ ಎಲ್ಲ ಕಡೆ ಒಂದೇ, ಅಷ್ಟೇ.

ಇನ್ನು ಶೇವ್ಯೂ. ಇದರಲ್ಲಿ ವ್ಯಂಜನ ಮೆತ್ತಗಾಗುತ್ತದೆ. ಬ ಮತ್ತು ಮ ಎರಡೂ ವ ಆಗುತ್ತವೆ. ಪ ಹೋಗಿ ಫ್ ಆಗುತ್ತದೆ. ಕ ಹೋಗಿ ಗಂಟಲಿನ ಖ್ ಆಗುತ್ತದೆ. ತ ಮತ್ತು ಸ ಎರಡೂ ಹ ಆಗುತ್ತವೆ. ಫ್ ಅಂತೂ ಮಾಯವೇ ಆಗುತ್ತದೆ. ಹಳಗನ್ನಡ ಓದಿದವರಿಗೆ ಮ ಹೋಗಿ ವ ಬರುವುದು ಹೊಸದಲ್ಲ, ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುತ್ತದಲ್ವಾ. ಬರೆಯುವಾಗ ಮೊದಲ ಅಕ್ಷರದ ಪಕ್ಕ ಒಂದು ‘ಎಚ್’ ಸೇರಿಸುತ್ತಾರೆ. ಹಳೆಯ ಐರಿಷ್ ಲಿಪಿಯಲ್ಲಿ ಎಚ್ ಬದಲು ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ನನಗೆ ಆ ಚುಕ್ಕಿಯೇ ಚೆನ್ನಾಗಿ ಕಾಣುತ್ತದೆ. ‘ಮೇಲೆ’ ಎಂಬ ಅರ್ಥದ ‘ಎರ್’, ‘ಇಂದ’ ಎಂಬ ಅರ್ಥದ ‘ಓ’, ‘ಕೆಳಗೆ’ ಎಂಬ ಅರ್ಥದ ‘ಫ್ವೀ’, ‘ಮೂಲಕ’ ಎಂಬ ಅರ್ಥದ ‘ತ್ರೀ’ ಇವೆಲ್ಲ ಸಾಮಾನ್ಯವಾಗಿ ಶೇವ್ಯೂ ಕೇಳುತ್ತವೆ. ‘ಹತ್ತಿರ’ ಎಂಬ ‘ಎಗ್’, ‘ಜೊತೆ’ ಎಂಬ ‘ಲೆ’, ‘ಗೆ’ ಎಂಬ ‘ಗೊ’ ವ್ಯಂಜನದ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಗಾಲ್ವೇಗೆ ಹೋಗುವುದು ‘ಗೊ ಗಾಲಿವ್’, ಗಾಲ್ವೇಯಲ್ಲಿ ಇರುವುದು ‘ಇ ಙಾಲಿವ್’, ಗಾಲ್ವೇಯಿಂದ ಬರುವುದು ‘ಓ ಘಾಲಿವ್’. ಆ ಘ ನಮ್ಮ ಘ ಅಲ್ಲ, ಗಂಟಲಲ್ಲಿ ಉಜ್ಜಿಕೊಂಡು ಬರುವ ಸದ್ದು. ಮನುಷ್ಯರ ಹೆಸರಿಗೂ ಬಿಡುವಿಲ್ಲ. ಮಾರ್ಯ ಎಂಬ ಹುಡುಗಿಗೆ ಹಸಿವಾದರೆ, ಐರಿಷ್‌ನವರು ಹಸಿವು ಅವಳ ‘ಮೇಲೆ’ ಇದೆ ಅನ್ನುತ್ತಾರೆ. ಆಗ ಅವಳು ‘ಎರ್ ವಾರ್ಯ’.

ಇಲ್ಲಿಯವರೆಗೆ ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ ನಿಯಮ. ತಕರಾರು ಇರುವುದು ಮುಂದೆ. ಇಂಗ್ಲಿಷ್‌ನ ‘ದಿ’ ಇದ್ದ ಹಾಗೆ ಐರಿಷ್‌ನಲ್ಲಿ ‘ಅನ್’ ಇದೆ. ಪ್ರಿಪೊಸಿಷನ್, ಆಮೇಲೆ ಅನ್, ಆಮೇಲೆ ಏಕವಚನದ ನಾಮಪದ ಬಂದರೆ ಏನಾಗಬೇಕು? ಇದಕ್ಕೆ ಉತ್ತರ ನೀವು ಎಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲಿದೆ.

ಐರಿಷ್ ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶಗಳಿಗೆ ಗೇಲ್ತಾಖ್ತ್ ಅನ್ನುತ್ತಾರೆ. ಅವು ಹೆಚ್ಚಾಗಿ ಪಶ್ಚಿಮದ ಕರಾವಳಿಯಲ್ಲಿ ತುಂಡುತುಂಡಾಗಿ ಇವೆ. ಉತ್ತರದಲ್ಲಿ ಡೊನೆಗಾಲ್, ಇದು ಅಲ್ಸ್ಟರ್ ಐರಿಷ್. ನಡುವೆ ಗಾಲ್ವೇಗೆ ಪಶ್ಚಿಮದ ಕಾನಮಾರ, ಆರನ್ ದ್ವೀಪಗಳು, ಮೇಯೋ, ಇದು ಕಾನಾಖ್ಟ್ ಐರಿಷ್. ದಕ್ಷಿಣದಲ್ಲಿ ಕೆರಿಯ ಡಿಂಗಲ್ ಕಡೆ, ಕಾರ್ಕ್‌ನ ಮಸ್ಕ್ರಿ, ವಾಟರ್‌ಫರ್ಡ್‌ನ ರಿಂಗ್, ಇದು ಮನ್‌ಸ್ಟರ್ ಐರಿಷ್.

ಐರಿಷ್‌ನಲ್ಲಿ ಮೇಜಿಗೆ ‘ಬೋರ್ಡ್’ ಅನ್ನುತ್ತಾರೆ. ಮೇಜಿನ ಮೇಲೆ ಅನ್ನಲು ಕಾನಮಾರದವರೂ ಕೆರಿಯವರೂ ಉರೂ ಹಾಕುತ್ತಾರೆ: ‘ಎರ್ ಅನ್ ಮೋರ್ಡ್’. ಡೊನೆಗಾಲಿನವರು ಶೇವ್ಯೂ ಹಾಕುತ್ತಾರೆ: ‘ಎರ್ ಅನ್ ವೋರ್ಡ್’. ಕಿಟಕಿ ‘ಫಿನ್ಯೋಗ್’. ಕಿಟಕಿಯ ಹತ್ತಿರ ಅನ್ನಲು ಗಾಲ್ವೇಯಲ್ಲಿ ‘ಎಗ್ ಅನ್ ವಿನ್ಯೋಗ್’, ಡೊನೆಗಾಲಿನಲ್ಲಿ ಫ್ ಮಾಯವಾಗಿ ‘ಎಗ್ ಅನ್ ಇನ್ಯೋಗ್’. ಕುರ್ಚಿ ‘ಕಹೀರ್’. ಅದರ ಮೇಲೆ ಅಂದರೆ ಒಂದು ಕಡೆ ‘ಗಹೀರ್’, ಇನ್ನೊಂದು ಕಡೆ ‘ಖಹೀರ್’. ಪಾದ್ರಿ ‘ಸಗರ್ಟ್’. ಪಾದ್ರಿಯ ಜೊತೆ ಅನ್ನಲು ಕಾನಮಾರದಲ್ಲಿ ಸಗರ್ಟ್ ಹಾಗೇ ಉಳಿಯುತ್ತಾರೆ, ಡೊನೆಗಾಲಿನಲ್ಲಿ ಅವರಿಗೆ ಮುಂದೊಂದು ತ ಅಂಟಿ ‘ತಗರ್ಟ್’ ಆಗುತ್ತಾರೆ.

ಡೊನೆಗಾಲಿನವರು ಮಾತ್ರ ಬೇರೆ, ಉಳಿದವರೆಲ್ಲ ಒಂದು ಎಂದು ಇಲ್ಲಿಗೇ ತೀರ್ಮಾನ ಮಾಡಬೇಡಿ. ಬಾಗಿಲು ‘ದೊರಸ್’. ಬಾಗಿಲ ಹತ್ತಿರ ಅನ್ನಲು ಡೊನೆಗಾಲಿನಲ್ಲೂ ಕಾನಮಾರದಲ್ಲೂ ‘ಎಗ್ ಅನ್ ದೊರಸ್’. ಅನ್ ಆದಮೇಲೆ ತ, ದ ಬಂದರೆ ಅವರು ಮುಟ್ಟುವುದಿಲ್ಲ. ಕೆರಿ, ಕಾರ್ಕ್ ಕಡೆಯವರು ಅದನ್ನೂ ಬಿಡುವುದಿಲ್ಲ, ‘ಎಗ್ ಅ ನೊರಸ್’ ಅನ್ನುತ್ತಾರೆ. ಇನ್ನು ‘ಇ’ ಮತ್ತು ‘ಅನ್’ ಸೇರಿ ‘ಸ’ ಆಗುತ್ತದೆ. ಊರು, ಮನೆ ಎಂಬ ಅರ್ಥದ ಪದ ‘ಬಲ್ಯ’. ಮನೆಯಲ್ಲಿ ಇದ್ದಾನೆ ಅನ್ನಲು ಡೊನೆಗಾಲಿನವರೂ ಕೆರಿಯವರೂ ‘ಸ ವಲ್ಯ’ ಅನ್ನುತ್ತಾರೆ. ಕಾನಮಾರದವರು ‘ಸ ಮಲ್ಯ’.

ಮೇಜಿನ ವಿಷಯದಲ್ಲಿ ಡೊನೆಗಾಲ್ ಒಂಟಿ, ಬಾಗಿಲ ವಿಷಯದಲ್ಲಿ ಕೆರಿ ಒಂಟಿ, ಮನೆಯ ವಿಷಯದಲ್ಲಿ ಕಾನಮಾರ ಒಂಟಿ. ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ನೋಡಿದರೆ, ಯಾರನ್ನು ಸರಿ ಅನ್ನುತ್ತೀರಿ? (ಬಹುವಚನ ಬಂದರೆ ಈ ಜಗಳವೇ ಇಲ್ಲ. ಮೇಜುಗಳ ಮೇಲೆ ಅನ್ನಲು ಅನ್ ಹೋಗಿ ‘ನ’ ಬರುತ್ತದೆ, ಬೋರ್ಡ್‌ನ ಬ ಎಲ್ಲ ಕಡೆ ಬ ಆಗಿಯೇ ಉಳಿಯುತ್ತದೆ. ಮೊಮ್ಮಗ ಇದನ್ನು ಕಂಡುಕೊಂಡು, ಪ್ರಬಂಧದಲ್ಲಿ ಒಂದು ಬೆಕ್ಕನ್ನು ‘ಮೇಜುಗಳ ಮೇಲೆ’ ಮಲಗಿಸಿದ್ದ.)

ಈಗ ನಮ್ಮ ಮನೆಯ ಕತೆ. ಮಗಳಿಗೆ ಮೊದಲು ಕೆಲಸ ಸಿಕ್ಕಿದ್ದು ಡೊನೆಗಾಲಿನ ಲೆಟರ್‌ಕೆನಿಯಲ್ಲಿ. ಮೊಮ್ಮಗ ಐರಿಷ್ ಶುರುಮಾಡಿದ್ದು ಅಲ್ಲಿ. ಅವನ ಟೀಚರ್ ಗ್ವೀಡೋರ್ ಕಡೆಯವರು, ಐರಿಷ್ ಅವರ ಮನೆಮಾತು. ಅವರ ಬಾಯಿಂದಲೇ ಇವನು ‘ವೋರ್ಡ್’, ‘ಇನ್ಯೋಗ್’ ಕಲಿತ. ಆಮೇಲೆ ಮಗಳು ಗಾಲ್ವೇಗೆ ಬಂದಳು, ಶಾಲೆ ಬದಲಾಯಿತು. ಹೊಸ ಶಾಲೆಯಲ್ಲಿ ಮೊದಲ ಪರೀಕ್ಷೆಗೆ ಒಂದು ಚಿತ್ರ ಕೊಟ್ಟಿದ್ದರು: ಒಂದು ಕೋಣೆ, ಬೆಕ್ಕು ಎಲ್ಲಿದೆ, ಪುಸ್ತಕ ಎಲ್ಲಿದೆ, ಹುಡುಗಿ ಎಲ್ಲಿ ನಿಂತಿದ್ದಾಳೆ ಎಂದು ಬರೆಯಬೇಕು. ಹುಡುಗ ಎಲ್ಲ ಬರೆದಿದ್ದ. ಪುಸ್ತಕ ಮೇಜಿನ ಮೇಲೆ, ಕೆಂಪು ಗೆರೆ. ಹುಡುಗಿ ಕಿಟಕಿಯ ಹತ್ತಿರ, ಕೆಂಪು ಗೆರೆ. ಬೆಕ್ಕು ಕುರ್ಚಿಯ ಮೇಲೆ, ಕೆಂಪು ಗೆರೆ. ಬೋರ್ಡ್ ಪದದ ಪಕ್ಕದ ‘ಎಚ್’ ಹೊಡೆದುಹಾಕಿ ಮೊದಲಿಗೆ ‘ಎಂ’ ಬರೆದಿದ್ದರು.

‘ಅಜ್ಜಿ, ಅಲ್ಲಿ ಸ್ಟಾರ್ ಕೊಟ್ಟಿದ್ರು, ಇಲ್ಲಿ ತಪ್ಪು ಅಂತಾರೆ’ ಅಂದ. ಅಳಲಿಲ್ಲ, ಸಿಟ್ಟಾಗಿದ್ದ.

ಮಗಳು ಮೊದಲು ಫೋನ್ ತೆಗೆದು ಆಪ್‌ನಲ್ಲಿ ನೋಡಿದಳು. ಆಪ್ ‘ಮೋರ್ಡ್’ ಅಂದಿತು. ‘ಅಮ್ಮ, ಟೀಚರ್ ಸರಿ, ಇವನೇ ಏನೋ ಕಲಸಿಕೊಂಡಿದ್ದಾನೆ’ ಅಂದಳು. ನಾನು, ‘ಒಂದೇ ಥರ ಮೂರು ಸಲ ಬರೆದಿದ್ದಾನೆ ಅಂದರೆ ಅದು ಕಲಸಿಕೊಂಡದ್ದಲ್ಲ ಕಣೇ, ಯಾರೋ ಕಲಿಸಿದ್ದು’ ಅಂದೆ. ಮೂವತ್ತು ಮಕ್ಕಳ ಪೇಪರು ತಿದ್ದಿದವರಿಗೆ ಅದು ತಿಳಿಯುತ್ತದೆ. ತಪ್ಪು ಮಾಡುವ ಮಗು ಒಂದೊಂದು ಸಲ ಒಂದೊಂದು ಥರ ಬರೆಯುತ್ತದೆ.

ಶಾಲೆಯವರನ್ನು ಕಂಡು ಮಾತಾಡಿದೆವು. ಆ ಟೀಚರ್ ಒಳ್ಳೆಯವರು, ಗದರಲಿಲ್ಲ. ಡೊನೆಗಾಲಿನವರು ಹಾಗೆ ಅನ್ನುತ್ತಾರೆ ಎಂದು ಅವರಿಗೂ ಗೊತ್ತಿತ್ತು. ಆದರೆ ನಮ್ಮ ಪುಸ್ತಕದಲ್ಲಿ ಹೀಗಿದೆ, ಪರೀಕ್ಷೆಗೆ ಹೀಗೇ ಬರೆಯಲಿ ಅಂದರು. ಒಂದು ತರಗತಿಯಲ್ಲಿ ಒಂದು ಪದ್ಧತಿ ಇರಲಿ ಅನ್ನುವುದನ್ನು ನಾನು ಒಪ್ಪುತ್ತೇನೆ. ‘ಇಲ್ಲಿ ಹೀಗೆ ಬರೆಯೋಣ’ ಎಂದು ಪಕ್ಕದಲ್ಲಿ ಬರೆದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ತಪ್ಪು ಎಂದು ಗೆರೆ ಎಳೆದು ಅಂಕ ಕಳೆದದ್ದು ಮಾತ್ರ ಒಪ್ಪಲಾರೆ. ಯಾಕೆಂದರೆ ಸರ್ಕಾರದ ವ್ಯಾಕರಣವೇ ಅದನ್ನು ತಪ್ಪು ಅನ್ನುವುದಿಲ್ಲ.

ಐರಿಷ್‌ಗೆ ಅಧಿಕೃತ ಮಾನಕ ರೂಪ ಎಂದು ಒಂದು ಗೊತ್ತುಮಾಡಿದ್ದು 1958ರಲ್ಲಿ. ಅದನ್ನು 2012ರಲ್ಲಿ ಮತ್ತು 2017ರಲ್ಲಿ ಪರಿಷ್ಕರಿಸಿದ್ದಾರೆ. ಅದರಲ್ಲಿ ಪ್ರಿಪೊಸಿಷನ್ ಮತ್ತು ಅನ್ ಆದಮೇಲಿನ ನಾಮಪದಕ್ಕೆ ಎರಡು ಪದ್ಧತಿಗಳನ್ನು ಒಪ್ಪಿದ್ದಾರೆ. ಒಂದು ಉರೂ ಹಾಕುವ ಕೇಂದ್ರ ಪದ್ಧತಿ, ಇನ್ನೊಂದು ಶೇವ್ಯೂ ಹಾಕುವ ಪದ್ಧತಿ. ಹಾಗಾಗಿ ‘ವೋರ್ಡ್’ ಎಂಬುದು ಹಳ್ಳಿಯ ಮಾತು, ಬರವಣಿಗೆಗೆ ಬರಬಾರದು ಅನ್ನುವಂತಿಲ್ಲ. ನಮ್ಮಲ್ಲಿ ಧಾರವಾಡದ ಮಗು ‘ಮನ್ಯಾಗ’ ಎಂದು ಪರೀಕ್ಷೆಯಲ್ಲಿ ಬರೆದರೆ ಪಠ್ಯದ ಕನ್ನಡದಲ್ಲಿ ಅದಕ್ಕೆ ಜಾಗವಿಲ್ಲ ಅನ್ನುತ್ತೇವೆ. ಅದು ಸರಿಯೋ ತಪ್ಪೋ, ಬೇರೆ ಪತ್ರ ಬರೆಯಬೇಕು. ಐರಿಷ್‌ನಲ್ಲಿ ಜಾಗ ಕೊಟ್ಟಾಗಿದೆ. ಕೊಟ್ಟದ್ದನ್ನು ಕೆಂಪು ಪೆನ್ನು ಮರೆತಿದೆ.

ಇನ್ನೂ ಒಂದು ಮಾತು. ಪುಸ್ತಕದ ಮಾನಕ ರೂಪ ಗಾಲ್ವೇಯ ಮಾತೂ ಅಲ್ಲ. ಮಾನಕದಲ್ಲಿ ಮೇಜು ‘ಮೋರ್ಡ್’, ಬಾಗಿಲು ‘ದೊರಸ್’, ಮನೆಯಲ್ಲಿ ಅಂದರೆ ‘ಸ ವಲ್ಯ’. ಅಂದರೆ ಒಂದೊಂದು ಕಡೆ ಇಬ್ಬರ ಬಹುಮತಕ್ಕೆ ಹೋಗಿದ್ದಾರೆ. ಗಾಲ್ವೇಯಿಂದ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟರೆ ಸಿಗುವ ಸ್ಪಿಡಲ್‌ನ ಮಗು ಮನೆಯಲ್ಲಿ ಕಲಿತ ಹಾಗೆ ‘ಸ ಮಲ್ಯ’ ಬರೆದರೆ ಅದಕ್ಕೂ ಗೆರೆ ಬೀಳುತ್ತದೆ. ಐರಿಷ್ ಮನೆಮಾತಾಗಿರುವ ಮಗುವಿಗೆ ಐರಿಷ್ ತಪ್ಪು ಎಂದು ಗೆರೆ! 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದು ಹೇಳಿದ್ದಾರೆ. ಶಾಲೆಯ ಹೊರಗೆ ದಿನಾ ಮಾತಾಡುವವರು 71,968 ಜನ ಮಾತ್ರ. ಶಾಲೆಯಲ್ಲಿ ಕಲಿತವರು ಇಷ್ಟೊಂದು, ದಿನಾ ಆಡುವವರು ಇಷ್ಟೇ ಇಷ್ಟು ಎಂದಾಗ, ಆಡುವವರ ಮಾತಿಗೆ ಗೆರೆ ಎಳೆಯುವ ಮುಂಚೆ ಒಂದು ಸಲ ಯೋಚಿಸಬೇಕಲ್ವಾ?

‘ಮೋರ್ಡ್’, ‘ವೋರ್ಡ್’ ಎರಡರಲ್ಲಿ ಹಳೆಯದು ಯಾವುದು ಎಂದು ಮಗಳು ಕೇಳಿದಳು. ಎರಡೂ ಹಳೆಯವೇ. ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಐರಿಷ್‌ನಲ್ಲಿ, ಅಂದರೆ ಸನ್ಯಾಸಿಗಳು ಲ್ಯಾಟಿನ್ ಪುಸ್ತಕಗಳ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ ಕಾಲದಲ್ಲಿ, ಪ್ರಿಪೊಸಿಷನ್‌ಗಳು ಎರಡು ಗುಂಪಾಗಿದ್ದವು. ಕೆಲವು ದ್ವಿತೀಯಾ ವಿಭಕ್ತಿ ಕೇಳುತ್ತಿದ್ದವು, ಕೆಲವು ಚತುರ್ಥಿಯಂಥದ್ದನ್ನು. ದ್ವಿತೀಯೆಯಲ್ಲಿ ಅನ್ ಆದಮೇಲೆ ಉರೂ, ಇನ್ನೊಂದರಲ್ಲಿ ಶೇವ್ಯೂ. ಕಾಲ ಕಳೆದ ಹಾಗೆ ವಿಭಕ್ತಿಗಳು ಕಲೆತುಹೋದವು. ಎರಡು ನಿಯಮ ಇಟ್ಟುಕೊಂಡು ಏನು ಮಾಡುವುದು ಎಂದು ದಕ್ಷಿಣ ಮತ್ತು ಪಶ್ಚಿಮದವರು ಹೆಚ್ಚಾಗಿ ಉರೂ ಹಿಡಿದರು, ಉತ್ತರದವರು ಶೇವ್ಯೂ ಹಿಡಿದರು. ಸಮುದ್ರದ ಆಚೆ ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿಯೂ ಮೇಜಿನ ಮೇಲೆ ಅನ್ನಲು ಬ ಹೋಗಿ ವ ಬರುತ್ತದೆ. ಡೊನೆಗಾಲ್ ಒಂಟಿ ಎಂದು ಮೇಲೆ ಬರೆದೆನಲ್ಲ, ಐರ್ಲೆಂಡಿನೊಳಗೆ ಮಾತ್ರ ಒಂಟಿ.

‘ವಿಭಕ್ತಿಯ ಕಾಟವಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ತಲೆಯ ಜೊತೆ ಬಾಲ ಬದಲಾಗುವ ಪದಗಳೂ ಉಳಿದಿವೆ. ದೇಶದ ಹೆಸರೇ ನೋಡಿ. ಇಲ್ಲಿನ ಯೂರೋ ನಾಣ್ಯದ ಮೇಲೆ ‘ಏರೆ’ ಎಂದಿದೆ. ಐರ್ಲೆಂಡಿನಲ್ಲಿ ಅನ್ನಬೇಕಾದರೆ ‘ಇನ್ ಏರಿನ್’. ಮನ್‌ಸ್ಟರ್ ಕಡೆಯ ಹಿರಿಯರ ಬಾಯಲ್ಲಿ ಕೈ, ಕಾಲು, ಕಿವಿಯಂಥ ಪದಗಳಿಗೂ ಈ ಹಳೆಯ ಬಾಲ ಇದೆ. ಪ್ರಿಪೊಸಿಷನ್ ಬಂದರೆ ‘ಕೊಸ್’ ಹೋಗಿ ‘ಕೊಶ್’ ಆಗುತ್ತದೆ. ಮನೆ ಎಂಬ ಅರ್ಥದ ‘ತ್ಯಾಖ್’ ಪದಕ್ಕೆ ಹೀಗೇ ಇದ್ದ ಹಳೆಯ ರೂಪವೊಂದನ್ನು ಕಾನಮಾರದವರು ‘ಇಂಥವರ ಮನೆಯಲ್ಲಿ’ ಎಂಬರ್ಥದ ಪ್ರಿಪೊಸಿಷನ್ನೇ ಮಾಡಿಕೊಂಡಿದ್ದಾರೆ, ಅದು ‘ಟೀ’. ಗಾಲ್ವೇಯ ಎಷ್ಟೋ ಪಬ್‌ಗಳ ಬೋರ್ಡಿನಲ್ಲಿ ಮಾಲೀಕರ ಹೆಸರಿಗೆ ಮೊದಲು ಅದೇ ಪದ ಇರುತ್ತದೆ. ಅಲ್ಲಿ ಚಹಾ ಸಿಗುತ್ತದೆಯೋ ಇಲ್ಲವೋ, ಅದು ಬೇರೆ.

ಎದುರು, ಆದಮೇಲೆ, ಉದ್ದಕ್ಕೂ ಎಂಬ ಅರ್ಥದ ಎರಡು ಪದದ ಪ್ರಿಪೊಸಿಷನ್‌ಗಳು ಷಷ್ಠಿ ಕೇಳುತ್ತವೆ. ನಾವೂ ಮನೆಯ ಎದುರು, ಮನೆಯ ಹಿಂದೆ ಎಂದು ಷಷ್ಠಿಯನ್ನೇ ಹಾಕುತ್ತೇವೆ, ಇದನ್ನು ಮೊಮ್ಮಗನಿಗೆ ಹೇಳಿದ ತಕ್ಷಣ ಹಿಡಿದ. ‘ನಡುವೆ’ ಎಂಬ ಪದದಲ್ಲಿ ಒಂದು ಸೊಗಸು ಇದೆ. ಅದು ‘ಇದಿರ್’ (ನಮ್ಮ ಇದಿರಿಗೂ ಇದಕ್ಕೂ ಸಂಬಂಧವಿಲ್ಲ). ಕಾರ್ಕ್ ಮತ್ತು ಡಬ್ಲಿನ್ ನಡುವೆ ಅನ್ನುವಾಗ ಅದು ಕೊರ್ಕಿಯ ಕ ಮುಟ್ಟುವುದಿಲ್ಲ. ಗಂಡಸರು ಹೆಂಗಸರು ಎಲ್ಲರೂ, ಅಂದರೆ ಇಬ್ಬರೂ ಸೇರಿ ಎಂಬ ಅರ್ಥ ಬಂದರೆ ಅದೇ ಪದ ಶೇವ್ಯೂ ಹಾಕುತ್ತದೆ. ಒಂದು ಅಕ್ಷರ ಮೆತ್ತಗಾಯಿತು, ಅರ್ಥ ಬೇರೆಯಾಯಿತು. ಎಚ್ ಕಂಡಲ್ಲೆಲ್ಲ ಹೊಡೆಯುತ್ತಾ ಹೋಗುವ ಅಪ್ಪ ಅಮ್ಮ ಇಂಥದ್ದನ್ನೂ ಹೊಡೆದುಬಿಡುತ್ತಾರೆ.

ಹಾಗಾದರೆ ಐರ್ಲೆಂಡಿಗೆ ಬಂದ ನಮ್ಮ ಮಕ್ಕಳ ಹೋಂವರ್ಕ್ ನೋಡುವವರು ಏನು ಮಾಡಬೇಕು? ಆಪ್ ಬೇಡ ಅನ್ನುವುದಿಲ್ಲ, ಪದ ಕಲಿಯಲು ಚೆನ್ನಾಗಿದೆ. ಆದರೆ ತಿದ್ದುವ ಮುಂಚೆ ಟೀಚರ್ ಯಾವ ಕಡೆಯ ಐರಿಷ್ ಕಲಿಸುತ್ತಾರೆ ಎಂದು ಕೇಳಿ. ಯಾವ ಪದ್ಧತಿ ಹಿಡಿದರೋ ಅದನ್ನೇ ಪುಟದ ಕೊನೆಯವರೆಗೆ ಹಿಡಿಯಲು ಮಗುವಿಗೆ ಹೇಳಿ. ಮೇಲಿನ ಸಾಲಿನಲ್ಲಿ ‘ಮೋರ್ಡ್’, ಕೆಳಗಿನ ಸಾಲಿನಲ್ಲಿ ‘ಇನ್ಯೋಗ್’ ಇದ್ದರೆ ಆಗ ತಿದ್ದಿ. ಸಂಜೆ ಅಡುಗೆ ಮಾಡುವಾಗ ರೇಡಿಯೋ ನ ಗೇಲ್ತಾಖ್ತಾ ಹಾಕಿಡಿ. ಐರಿಷ್ ಭಾಷೆಯದೇ ರೇಡಿಯೋ ಅದು, 1972ರಿಂದ ಇದೆ. ಕಾನಮಾರ, ಡೊನೆಗಾಲ್, ಕೆರಿ ಮೂರು ಕಡೆಯೂ ಅದಕ್ಕೆ ಸ್ಟುಡಿಯೋ ಇವೆ. ಒಂದೇ ದಿನದಲ್ಲಿ ಮೂರು ಥರದ ಐರಿಷ್ ಕಿವಿಗೆ ಬೀಳುತ್ತದೆ, ಯಾರೂ ಯಾರನ್ನೂ ತಿದ್ದುವುದಿಲ್ಲ. ನಮ್ಮ ಮನೆಯಲ್ಲಿ ಈಗ ಅದು ಆಟವಾಗಿದೆ. ಹುಳಿಗೆ ಒಗ್ಗರಣೆ ಹಾಕುವಾಗ ಮೊಮ್ಮಗ, ‘ಅಜ್ಜಿ, ಇವ್ರು ಡೊನೆಗಾಲ್’ ಎಂದು ಕೂಗುತ್ತಾನೆ. ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾನೆ.

ನಿಮ್ಮ ಪುರವಣಿಯಲ್ಲಿ ಆ ಎರಡು ಸಾಲಿಗೆ ಒಂದು ಚಿಕ್ಕ ತಿದ್ದುಪಡಿ ಹಾಕಿದರೆ ಉಪಕಾರ. ಹಾಗೆಯೇ, ಕಾರ್ಕ್ ಅಥವಾ ಕೆರಿ ಕಡೆ ಇರುವ ನಿಮ್ಮ ಓದುಗರಲ್ಲಿ ಯಾರಾದರೂ ತಮ್ಮ ಮಕ್ಕಳ ಬಾಯಲ್ಲಿ ‘ಎಗ್ ಅ ನೊರಸ್’ ಕೇಳಿದ್ದರೆ ದಯವಿಟ್ಟು ಬರೆಯಿರಿ. ಅಲ್ಲಿನ ಶಾಲೆಗಳಲ್ಲಿ ಅದಕ್ಕೆ ಗೆರೆ ಎಳೆಯುತ್ತಾರೋ, ಸ್ಟಾರ್ ಕೊಡುತ್ತಾರೋ ನನಗೆ ತಿಳಿಯಬೇಕಿದೆ.

ಇತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ನಿವೃತ್ತ ಕನ್ನಡ ಶಿಕ್ಷಕಿ, ಸಾಗರ
(ಸದ್ಯ ಗಾಲ್ವೇ, ಐರ್ಲೆಂಡ್)